ಒಂದೇ ವೈಫೈ, ಬೇರೆ ಬೇರೆ ಖಾತೆ

ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರುಗಳು ಒಂದೇ ವೈಫೈಯಲ್ಲಿದ್ದರೂ ಒಂದರ ಫೋಲ್ಡರ್ ಇನ್ನೊಂದರಲ್ಲಿ ತೆರೆಯುತ್ತಿಲ್ಲ ಎಂದು ಯಾರಾದರೂ ಹೇಳಿದಾಗ, ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ಯಾವ ಹೆಸರಿನಲ್ಲಿದೆ ಎಂದೇ ನಾನು ಮೊದಲು ಕೇಳುತ್ತೇನೆ. ಕಡತ ಹಂಚಿಕೆಗೆ ಮೂರೂ ಎಸ್‌ಎಂಬಿ ಎಂಬ ಒಂದೇ ಪ್ರೋಟೋಕಾಲ್ (ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳ ಕಟ್ಟು) ಬಳಸಬಲ್ಲವು. ಮ್ಯಾಕ್ 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ಅದಕ್ಕೇ ಆದ್ಯತೆ ಕೊಟ್ಟಿದೆ. ಲಿನಕ್ಸಿನಲ್ಲಿ ಆ ಕೆಲಸವನ್ನು ಸಾಂಬಾ ತಂತ್ರಾಂಶ ಮಾಡುತ್ತದೆ. ಹೀಗಿರುವಾಗ ಹೆಚ್ಚಿನ ತೊಡಕುಗಳು ಹುಟ್ಟುವುದು ಖಾತೆ ಮತ್ತು ಅನುಮತಿಗಳಲ್ಲಿ.

ಸಾಂಬಾ ತನ್ನದೇ ಆದ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಬಳಕೆದಾರರನ್ನು ಆ ಪಟ್ಟಿಗೆ ಪ್ರತ್ಯೇಕವಾಗಿ ಸೇರಿಸದಿದ್ದರೆ, ಲಿನಕ್ಸಿಗೆ ದಿನವೂ ಲಾಗಿನ್ ಆಗುವ ಪಾಸ್‌ವರ್ಡನ್ನು ಎಷ್ಟು ಸಲ ಕೊಟ್ಟರೂ ಬಾಗಿಲು ತೆರೆಯುವುದಿಲ್ಲ. ವಿಂಡೋಸಿನಲ್ಲೂ ಇಂಥದ್ದೇ ಗೊಂದಲವಿದೆ: ಪರದೆ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕಷ್ಟೇ ಸೀಮಿತ, ನೆಟ್‌ವರ್ಕಿನ ಮೂಲಕ ಬರುವವರು ಖಾತೆಯ ಪೂರ್ತಿ ಪಾಸ್‌ವರ್ಡನ್ನೇ ಕೊಡಬೇಕು.

ಒಳಗೆ ಬಂದ ಮೇಲೂ ಇನ್ನೊಂದು ತಡೆ ಎದುರಾಗಬಹುದು. ಒಮ್ಮೆ ನಾನು ನೋಡಿದ ಲಿನಕ್ಸ್ ಯಂತ್ರದಲ್ಲಿ ಫೋಟೋಗಳೆಲ್ಲ ಕಾಣುತ್ತಿದ್ದವು, ತೆರೆಯುತ್ತಿದ್ದವು, ಆದರೆ ಹೊಸದೊಂದನ್ನು ಹಾಕಲು ಹೋದರೆ ಅನುಮತಿಯಿಲ್ಲ ಎಂಬ ಸಂದೇಶ ಬರುತ್ತಿತ್ತು. ಸಾಂಬಾದಲ್ಲಿ ಬರೆಯುವ ಅನುಮತಿ ಇತ್ತು. ಫೋಲ್ಡರನ್ನು ಮಾತ್ರ ಆಡಳಿತಗಾರನ ಅಧಿಕಾರ ಕೊಡುವ ಸುಡೋ ಆಜ್ಞೆ ಬಳಸಿ ಸೃಷ್ಟಿಸಿದ್ದರಿಂದ ಅದರ ಒಡೆತನ ಲಿನಕ್ಸಿನ ಸರ್ವಾಧಿಕಾರದ ಖಾತೆಯಾದ ರೂಟ್ ಬಳಿಯೇ ಉಳಿದಿತ್ತು. ಹಂಚಿಕೆಯ ಅನುಮತಿ, ಡಿಸ್ಕಿನ ಅನುಮತಿ ಎರಡೂ ಒಪ್ಪಿದರೆ ಮಾತ್ರ ಕಡತ ಬರೆಯಲು ಸಾಧ್ಯ. ಆಗ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟುಬಿಡುವುದು ಸುಲಭವೆನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಒಡೆತನವನ್ನು ಸರಿಯಾದ ಖಾತೆಗೆ ವರ್ಗಾಯಿಸಿ.

ಹಳೆಯ ನೆಟ್‌ವರ್ಕ್ ಡಿಸ್ಕ್ ಒಂದಕ್ಕಾಗಿ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮತ್ತೆ ಚಾಲೂ ಮಾಡುವುದನ್ನಂತೂ ನಾನು ಒಪ್ಪುವುದೇ ಇಲ್ಲ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸಿನ ಆ ಆವೃತ್ತಿಯಲ್ಲಿದ್ದ ದೋಷದ ಮೂಲಕವೇ. ಡಿಸ್ಕಿನ ತಂತ್ರಾಂಶವನ್ನು ನವೀಕರಿಸಲಾಗದಿದ್ದರೆ, ಅದರಲ್ಲಿರುವ ಕಡತಗಳನ್ನು ಬೇರೆಡೆಗೆ ಸಾಗಿಸಿ ಅದಕ್ಕೆ ನಿವೃತ್ತಿ ಕೊಡುವುದೇ ಲೇಸು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಇನ್ನೊಂದು ಮಾತು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆಯ ಡಿಸ್ಕುಗಳು ‘ಕೊ’ ಅಕ್ಷರದ ಒಕಾರವನ್ನು ಎರಡು ಸಂಕೇತಗಳಾಗಿ ಬಿಡಿಸಿಟ್ಟುಕೊಳ್ಳುತ್ತವೆ, ಲಿನಕ್ಸಿನಲ್ಲಿ ಟೈಪಿಸಿದಾಗ ಅದು ಸಾಮಾನ್ಯವಾಗಿ ಒಂದೇ ಸಂಕೇತ. ಹೆಸರು ಬಿಡಿಸಿದ ರೂಪದಲ್ಲೇ ಲಿನಕ್ಸಿಗೆ ನಕಲಾದರೆ, ಕಣ್ಣಿಗೆ ಒಂದೇ ಹೆಸರಿನಂತೆ ಕಾಣುವ ಎರಡು ಕಡತಗಳು ಒಂದೇ ಫೋಲ್ಡರಿನಲ್ಲಿ ಸೇರಿಕೊಳ್ಳಬಹುದು. ಅಂಥ ಜೋಡಿ ಕಂಡರೆ ಎರಡನ್ನೂ ತೆರೆದು ನೋಡಿದ ಮೇಲಷ್ಟೇ ಒಂದನ್ನು ಅಳಿಸಿ.