ಅಲಾಯ್ ಚಕ್ರದ ಬ್ರೇಕ್ ಧೂಳಿಗೆ ಮನೆಯ ಸಾಮಾನು ಎಷ್ಟರಮಟ್ಟಿಗೆ ಸಾಕು?

ಸಂಡೂರು ಅಥವಾ ತೋರಣಗಲ್ಲು ಕಡೆಯಿಂದ ಬಂದ ಕಾರಿನ ಮುಂದಿನ ಚಕ್ರವನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಎರಡು ಬಣ್ಣ ಹತ್ತುತ್ತದೆ. ಹೊರ ಅಂಚಿನಿಂದ ಬರುವ ಕೆಂಪು, ಅದಿರು ಲಾರಿಗಳು ಓಡಾಡುವ ರಸ್ತೆಯ ಧೂಳು. ಕಡ್ಡಿಗಳ ಮಗ್ಗುಲು, ನಟ್ಟುಗಳ ಗುಂಡಿ ಮತ್ತು ಚಕ್ರದ ಒಳಮೈಯಿಂದ ಬರುವ ಮಸಿಯಂಥ ಕಪ್ಪು, ಬ್ರೇಕ್ ಧೂಳು. ಬಳ್ಳಾರಿಯಲ್ಲಿ ಕಾರು ತೊಳೆದು ಪಾಲಿಶ್ ಮಾಡುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನನ್ನು ಗ್ರಾಹಕರು ಹೆಚ್ಚಾಗಿ ಕೇಳುವುದು, ಈ ಕಪ್ಪನ್ನು ಮನೆಯಲ್ಲಿರುವ ಯಾವ ಸಾಮಾನಿನಿಂದ ತೆಗೆಯಬಹುದು ಎಂದು.

ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡು ಬೀಡುಕಬ್ಬಿಣದ ಡಿಸ್ಕನ್ನು ಉಜ್ಜುತ್ತದೆ. ಎರಡೂ ಸ್ವಲ್ಪ ಸ್ವಲ್ಪವೇ ಸವೆದು, ಕಬ್ಬಿಣದ ಕಣ, ಇಂಗಾಲ ಮತ್ತು ಪ್ಯಾಡಿನ ಅಂಟು ಬೆರೆತ ನುಣ್ಣನೆಯ ಪುಡಿ ಬಿಸಿಬಿಸಿಯಾಗಿಯೇ ಚಕ್ರದ ಮೇಲೆ ಬಂದು ಕೂರುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲನ್ನು ಮುಂದಿನ ಬ್ರೇಕುಗಳೇ ಹೊರುವುದರಿಂದ ಮುಂದಿನ ಚಕ್ರಗಳೇ ಹೆಚ್ಚು ಕಪ್ಪಾಗುತ್ತವೆ. ಹೊಸ ಪುಡಿ ಕೇವಲ ಕೊಳೆ, ಸಾಬೂನಿಗೆ ಬಿಡುತ್ತದೆ. ಅದನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಕಬ್ಬಿಣದ ಕಣಗಳು ತೇವಕ್ಕೆ ತುಕ್ಕು ಹಿಡಿದು ಚಕ್ರದ ಮೇಲಿನ ಪಾರದರ್ಶಕ ಲೇಪಕ್ಕೆ ಕಚ್ಚಿಕೊಳ್ಳುತ್ತವೆ. ಮನೆಯ ಸಾಮಾನು ಕೆಲಸ ಮಾಡುವುದು ಈ ಮೊದಲ ಹಂತದಲ್ಲಿ ಮಾತ್ರ.

ಆ ಹಂತದಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಧಾರಾಳವಾಗಿ ಸಾಕು. ಒಂದು ಬಕೆಟ್ ನೀರಿಗೆ ಎರಡು ಚಮಚ ಬೆರೆಸಿ, ಮೆತ್ತನೆಯ ಸ್ಪಂಜು ಮತ್ತು ನಟ್ಟಿನ ಗುಂಡಿಗಳಿಗೆ ಹಳೆಯ ಟೂತ್‌ಬ್ರಷ್ ಇಟ್ಟುಕೊಳ್ಳಿ. ಆದರೆ ಸ್ಪಂಜು ಮುಟ್ಟಿಸುವ ಮೊದಲು ಬರಿಯ ನೀರನ್ನು ಜೋರಾಗಿ ಹಾಯಿಸಲೇಬೇಕು. ನಮ್ಮ ಕಡೆಯ ಅದಿರಿನ ಧೂಳು ಚಕ್ರದ ಲೇಪಕ್ಕಿಂತ ಗಟ್ಟಿಯಾದದ್ದು. ಅದನ್ನು ತೊಳೆದು ಹಾಕದೆ ಉಜ್ಜಿದರೆ ಸ್ಪಂಜೇ ಉಪ್ಪುಕಾಗದವಾಗಿ ಕೂದಲೆಳೆಯಂಥ ಗೆರೆಗಳನ್ನು ಎಳೆಯುತ್ತದೆ. ಒಣಬಟ್ಟೆಯಿಂದ ಒರೆಸುವುದನ್ನೂ ನಾನು ಇದೇ ಕಾರಣಕ್ಕೆ ಬೇಡವೆನ್ನುತ್ತೇನೆ. ಗಾಳಿ ಹೊಡೆದು ಧೂಳು ಹಾರಿಸುವುದಂತೂ ಕೂಡದು, ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಬಿಡದ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಹಿಟ್ಟಿನ ಹದದಲ್ಲಿ ಹಚ್ಚಿ, ಒತ್ತದೆ ಉಜ್ಜಿ, ಕೂಡಲೇ ತೊಳೆಯಬಹುದು. ಅದಕ್ಕೆ ವಿನೆಗರ್ ಸುರಿದರೆ ನೊರೆ ಕಣ್ಣಿಗೆ ಚೆಂದವಾಗಿ ಕಾಣುತ್ತದೆಯೇ ಹೊರತು, ಆಮ್ಲವೂ ಸೋಡಾವೂ ಒಂದರ ಶಕ್ತಿಯನ್ನೊಂದು ಕಳೆದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಹುಣಸೆಹಣ್ಣಿನಿಂದ ಹಿತ್ತಾಳೆಯ ದೀಪ ಬೆಳಗಿದ ಕೈಗೆ ಚಕ್ರವನ್ನೂ ಹಾಗೆಯೇ ಬೆಳಗಬಹುದೆನಿಸುವುದು ಸಹಜ. ಆದರೆ ದೀಪ ಬರಿಯ ಲೋಹ. ಅಲಾಯ್ ಚಕ್ರ ಅಲ್ಯೂಮಿನಿಯಮ್ಮಿನದು, ಅದರ ಹೊಳಪಿರುವುದು ತೆಳ್ಳನೆಯ ಲೇಪದಲ್ಲಿ. ಅಲ್ಯೂಮಿನಿಯಮ್ಮನ್ನು ಆಮ್ಲವೂ ತಿನ್ನುತ್ತದೆ, ಕ್ಷಾರವೂ ತಿನ್ನುತ್ತದೆ, ಆದ್ದರಿಂದ ವಾಷಿಂಗ್ ಸೋಡಾ ಸಹ ಇದಕ್ಕೆ ಆಗದು. ಎಲ್ಲಕ್ಕಿಂತ ಹೆಚ್ಚು ಹಾಳುಮಾಡುವುದು ಟಾಯ್ಲೆಟ್ ಕ್ಲೀನರ್. ಹೈಡ್ರೋಕ್ಲೋರಿಕ್ ಆಮ್ಲವಿರುವ ಅಂಥದೊಂದನ್ನು ಹಚ್ಚಿ ಹತ್ತು ನಿಮಿಷ ಬಿಟ್ಟಿದ್ದ ಒಬ್ಬ ಗ್ರಾಹಕರ ಚಕ್ರಗಳನ್ನು ನಾನು ಇನ್ನೂ ಮರೆತಿಲ್ಲ: ದ್ರವ ಇಳಿದ ದಾರಿಯಲ್ಲೆಲ್ಲ ಸುಣ್ಣದ ನೀರು ಚೆಲ್ಲಿದಂಥ ಬಿಳಿ ಮಬ್ಬು, ಉಗುರಾಡಿಸಿದರೆ ತರಿತರಿ. ಯಾವ ಪಾಲಿಶಿಗೂ ಅದು ಬಗ್ಗಲಿಲ್ಲ. ನಾಲ್ಕಕ್ಕೂ ಹಳೆಯ ಲೇಪ ಕೆರೆದು ಹೊಸ ಬಣ್ಣ ಹೊಡೆಸಬೇಕಾಯಿತು. ಸ್ಟೀಲ್ ಸ್ಕ್ರಬ್ಬರ್ ಸಹ ಚಕ್ರದ ಹತ್ತಿರ ಸುಳಿಯಬಾರದು.

ಇನ್ನು, ಬೆರಳಾಡಿಸಿದಾಗ ರವೆಯಂತೆ ತಾಕುವ, ಕಿತ್ತಳೆ ಚುಕ್ಕಿಗಳಾಗಿ ಕಾಣುವ ಕಚ್ಚಿದ ಧೂಳಿಗೆ ಅಡುಗೆಮನೆಯಲ್ಲಿ ಮದ್ದಿಲ್ಲ. ಅದಕ್ಕೆ ಅಂಗಡಿಯಲ್ಲಿ ಐರನ್ ರಿಮೂವರ್ ಎಂದು ಕೇಳಿ, ಆಮ್ಲವಿಲ್ಲದ್ದನ್ನೇ ಆರಿಸಿಕೊಳ್ಳಿ. ತಣ್ಣಗಿರುವ ಚಕ್ರಕ್ಕೆ ಸಿಂಪಡಿಸಿದ ಒಂದೆರಡು ನಿಮಿಷಕ್ಕೆ ಕಬ್ಬಿಣವಿರುವಲ್ಲೆಲ್ಲ ಅದು ನೇರಳೆಗೆ ತಿರುಗಿ ನೇರಳೆಹಣ್ಣಿನ ರಸದಂತೆ ಇಳಿಯತೊಡಗುತ್ತದೆ. ಒಣಗಲು ಬಿಡದೆ ತೊಳೆಯಬೇಕು. ವಾಸನೆ ಕೆಟ್ಟದ್ದು, ಕೈಗವಸು ಬೇಕು.

ಏಪ್ರಿಲ್‌, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಬಿಸಿಲಿನಲ್ಲಿ ಈ ಕೆಲಸವನ್ನು ಬೆಳಗಿನ ಹೊತ್ತು ನೆರಳಿನಲ್ಲಿಯೇ ಮಾಡಬೇಕು. ಬಿಸಿ ಚಕ್ರದ ಮೇಲೆ ಸಾಬೂನು ಒಣಗಿ ಕಲೆಯಾಗುತ್ತದೆ. ಆಗತಾನೇ ಓಡಿಬಂದ ಕಾರಿನ ಕಾದ ಡಿಸ್ಕಿಗೆ ತಣ್ಣೀರು ಎರಚಿದರೆ ಅದು ಸೊಟ್ಟಗಾಗುವ ಅಪಾಯವೂ ಉಂಟು. ಬೋರ್‌ವೆಲ್ ನೀರಾದರೆ ತಾನಾಗಿ ಆರಲು ಬಿಡದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ಉಪ್ಪಿನ ಬಿಳಿ ಚುಕ್ಕೆಗಳು ಉಳಿಯುತ್ತವೆ. ಒಣಗಿದ ಮೇಲೆ ಕಾರಿನ ಮೈಗೆ ಹಚ್ಚುವ ಮೇಣವನ್ನೇ ಚಕ್ರಕ್ಕೂ ತೆಳುವಾಗಿ ಹಚ್ಚಿದರೆ ಮುಂದಿನ ಸಲದ ಧೂಳು ಸಲೀಸಾಗಿ ಜಾರುತ್ತದೆ, ಆದರೆ ಮೇಣವಾಗಲಿ ಎಣ್ಣೆಯಾಗಲಿ ಡಿಸ್ಕಿಗೆ ತಾಕಬಾರದು. ಕೊನೆಗೆ ಕಾರನ್ನು ನಿಧಾನವಾಗಿ ಸ್ವಲ್ಪ ದೂರ ಓಡಿಸಿ, ಮೂರು ನಾಲ್ಕು ಸಲ ಬ್ರೇಕ್ ಒತ್ತಿ, ಡಿಸ್ಕಿನ ನೀರು ಆರಿದ ಮೇಲೆಯೇ ನಿಲ್ಲಿಸಿ.