ಐಪಿ ವಿಳಾಸ: ಮಂಜೂರಾತಿಯಿಂದ ಖಾತೆಯವರೆಗೆ

ಮಂಡ್ಯದಲ್ಲಿ 3,000 ಮನೆಗಳಿಗೆ ಫೈಬರ್ ಎಳೆದಿರುವ ಒಂದು ಸಣ್ಣ ಐಎಸ್‌ಪಿಯನ್ನು (ಇಂಟರ್ನೆಟ್ ಸೇವೆ ಕೊಡುವ ಕಂಪನಿ) ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಸದ್ಯಕ್ಕೆ ಅಪ್‌ಸ್ಟ್ರೀಮ್ ಕಂಪನಿ (ಇವರಿಗೆ ಇಂಟರ್ನೆಟ್ ಸಂಪರ್ಕ ಮಾರುವ ದೊಡ್ಡ ಕಂಪನಿ) ಕೊಟ್ಟ ವಿಳಾಸಗಳಲ್ಲೇ ಕೆಲಸ ಸಾಗಿದೆ. ಅದು ಬಾಡಿಗೆ ಮನೆ ಇದ್ದಂತೆ. ಅಪ್‌ಸ್ಟ್ರೀಮ್ ಬಿಟ್ಟ ದಿನ ವಿಳಾಸವನ್ನೂ ಬಿಡಬೇಕು, ಸ್ಟ್ಯಾಟಿಕ್ (ಬದಲಾಗದ) ಐಪಿ ತೆಗೆದುಕೊಂಡ ಗ್ರಾಹಕರೆಲ್ಲ ಸೆಟ್ಟಿಂಗ್ ಬದಲಿಸಬೇಕು. ಮೈಸೂರಿನಿಂದ ಎರಡನೇ ಅಪ್‌ಸ್ಟ್ರೀಮ್ ತರುವ ಯೋಚನೆ ಇದ್ದರಂತೂ ಸ್ವಂತ ವಿಳಾಸ ಮತ್ತು ಸ್ವಂತ ಎಎಸ್ ನಂಬರ್ (ಇಂಟರ್ನೆಟ್‌ನಲ್ಲಿ ಒಂದು ನೆಟ್‌ವರ್ಕನ್ನು ಗುರುತಿಸುವ ಸಂಖ್ಯೆ) ಮಾಡಿಸಿಕೊಳ್ಳುವುದೇ ಸರಿ.

ವಿಳಾಸ ಇಳಿದು ಬರುವ ದಾರಿ ಹೀಗಿದೆ: ಮೇಲೆ ಇಡೀ ಜಗತ್ತಿಗೆ ಐಯಾನಾ, ಏಷ್ಯಾ ಪೆಸಿಫಿಕ್‌ಗೆ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್, ಭಾರತಕ್ಕೆ ನಿಕ್ಸಿ (ಭಾರತದ ಇಂಟರ್ನೆಟ್ ಎಕ್ಸ್‌ಚೇಂಜ್ ಸಂಸ್ಥೆ) ನಡೆಸುವ ಐರಿನ್. ಐರಿನ್‌ನಲ್ಲಿ ಅಫಿಲಿಯೇಟ್ (ಸದಸ್ಯ) ಆಗಿ, ಕಂಪನಿ ದಾಖಲೆ, ಲೈಸೆನ್ಸ್, ನೆಟ್‌ವರ್ಕ್ ನಕ್ಷೆ, ಹಂಚಿಕೆಯ ಯೋಜನೆ ಕೊಡಬೇಕು; ವರ್ಷ ವರ್ಷ ಶುಲ್ಕ ಕಟ್ಟಬೇಕು. ಎಲ್ಲ ಕಾಗದದಲ್ಲೂ ಕಂಪನಿಯ ಹೆಸರು ಅಕ್ಷರಶಃ ಒಂದೇ ಇರಲಿ.

ಐಯಾನಾದ ಐಪಿವಿ4 (ಹಳೆಯ ಮಾದರಿಯ ವಿಳಾಸ) ದಾಸ್ತಾನು 2011ರ ಫೆಬ್ರವರಿ 3ರಂದೇ ಬರಿದಾಯಿತು. ಹಾಗಾಗಿ ಎಪಿನಿಕ್ ವಲಯದಲ್ಲಿ 2019ರಿಂದ ಹೊಸಬರಿಗೆ ಸಿಗುವುದು ಹೆಚ್ಚೆಂದರೆ ಒಂದು /23, ಅಂದರೆ 512 ವಿಳಾಸದ ಗುಚ್ಛ (ಗೀಟಿನ ನಂತರದ ಸಂಖ್ಯೆ ದೊಡ್ಡದಾದಷ್ಟು ಗುಚ್ಛ ಚಿಕ್ಕದು). ಇದು 3,000 ಮನೆಗೆ ಸಾಲುತ್ತದೆಯೇ? ಸಿಜಿನ್ಯಾಟ್ (ಒಂದೇ ವಿಳಾಸವನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಹಾಕಿದರೆ ಧಾರಾಳವಾಗಿ ಸಾಲುತ್ತದೆ. ಒಂದು ವಿಳಾಸದಲ್ಲಿ ಬೇರೆ ಬೇರೆ ಸಂಪರ್ಕಗಳನ್ನು ಗುರುತಿಸುವ 65,536 ಪೋರ್ಟ್‌ಗಳಲ್ಲಿ ಮೊದಲ 1,024 ಬಿಟ್ಟರೆ 64,512 ಉಳಿಯುತ್ತವೆ. 64 ಮನೆಗೆ ಹಂಚಿದರೆ ಮನೆಗೆ 1,008. ಆ ಲೆಕ್ಕದಲ್ಲಿ 47 ವಿಳಾಸ ಸಾಕು. ಒಳಗಡೆಗೆ 10ರಿಂದ ಶುರುವಾಗುವ ಖಾಸಗಿ ವಿಳಾಸಗಳ ಸರಣಿ ಬೇಡ, ಗ್ರಾಹಕರ ರೂಟರ್ ಜೊತೆ ಡಿಕ್ಕಿಯಾಗಬಹುದು. ಇದಕ್ಕೆಂದೇ ಮೀಸಲಾದ 100.64.0.0/10 ಬಳಸಿ. ಜೊತೆಗೇ ಹೊಸ ಮಾದರಿಯ ವಿಳಾಸವಾದ ಐಪಿವಿ6ನ /32 ಕೇಳಿ. ಮನೆಗೊಂದು /56 ಕೊಟ್ಟರೂ 1,67,77,216 ಮನೆಗಾಗುತ್ತದೆ!

ವಿಳಾಸ ಮಂಜೂರಾಯಿತು ಎಂದು ಸಿಹಿ ಹಂಚುವುದು ಅವಸರ. ಸೈಟು ಸಿಕ್ಕರೆ ಸಾಲದು, ಖಾತೆ ಆಗಬೇಕಲ್ಲ. ಹೂಈಸ್ ದಾಖಲೆ ಎಂದರೆ ಪಹಣಿ: ಯಾರ ಹೆಸರಿನಲ್ಲಿದೆ, ದೂರು ಯಾರಿಗೆ ಎಂಬುದು ಅಲ್ಲಿರುತ್ತದೆ. ದೂರಿನ ಇಮೇಲ್ ಕೆಲಸ ಬಿಟ್ಟುಹೋಗುವ ನೌಕರನ ಹೆಸರಿನಲ್ಲಿ ಇರಬಾರದು. ನಂತರ ರೂಟ್ ಆಬ್ಜೆಕ್ಟ್, ಅಂದರೆ ಈ ವಿಳಾಸಗಳನ್ನು ಯಾವ ಎಎಸ್ ಸಾರುತ್ತದೆ ಎಂದು ತಿಳಿಸುವ ದಾಖಲೆ (ಸಾರುವುದು ಎಂದರೆ 'ಈ ವಿಳಾಸಗಳಿಗೆ ದಾರಿ ನಮ್ಮಲ್ಲಿದೆ' ಎಂದು ಹೊರಗಿನ ನೆಟ್‌ವರ್ಕ್‌ಗಳಿಗೆ ತಿಳಿಸುವುದು). ಅಪ್‌ಸ್ಟ್ರೀಮ್‌ನವರು ಇದನ್ನು ನೋಡಿಯೇ ಫಿಲ್ಟರ್ ತೆರೆಯುವುದು ರೂಢಿ.

ಹೆಚ್ಚು ಎಡವುವುದು ಆರ್‌ಒಎಯಲ್ಲಿ. ಯಾವ ಎಎಸ್ ಯಾವ ವಿಳಾಸಗುಚ್ಛವನ್ನು ಸಾರಬಹುದು ಎಂಬುದಕ್ಕೆ ಅದು ಸಹಿ ಮಾಡಿದ ಪತ್ರ. /23ಕ್ಕೆ ಮಾತ್ರ ಆರ್‌ಒಎ ಮಾಡಿ, ಗರಿಷ್ಠ ಉದ್ದವನ್ನೂ (ಎಷ್ಟು ಚಿಕ್ಕ ಗುಚ್ಛದವರೆಗೆ ಸಾರಬಹುದು ಎಂಬ ಮಿತಿ) 23 ಎಂದೇ ಬಿಟ್ಟಿದ್ದೀರಿ ಎನ್ನಿ. ಆಮೇಲೆ ಮಂಡ್ಯದ ಲಿಂಕ್‌ನಲ್ಲಿ ಒಂದು /24 (/23ರ ಅರ್ಧ), ಮೈಸೂರಿನದರಲ್ಲಿ ಇನ್ನೊಂದು /24 ಸಾರಿದರೆ ಎರಡೂ 'ಇನ್‌ವ್ಯಾಲಿಡ್'. ಪರಿಶೀಲಿಸುವ ನೆಟ್‌ವರ್ಕ್‌ಗಳು ಅವನ್ನು ಬಿಸಾಡುತ್ತವೆ. /23ನ್ನೂ ಜೊತೆಗೆ ಸಾರದಿದ್ದರೆ ಕೆಲವು ವೆಬ್‌ಸೈಟು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ಕಾಲ್ ಸೆಂಟರ್‌ನವರು ಫೈಬರ್ ದೋಷ ಹುಡುಕುತ್ತಾ ಕೂರುತ್ತಾರೆ. ಆರ್‌ಒಎ ಇಲ್ಲವೇ ಇಲ್ಲ ಎಂದರೆ ಸಾಮಾನ್ಯವಾಗಿ ದಾರಿ ಬಿಡುತ್ತಾರೆ, ತಪ್ಪು ಆರ್‌ಒಎಗೆ ಬಿಡುವುದಿಲ್ಲ. ಹಾಗೆಂದು ಸುಮ್ಮನೆ ಗರಿಷ್ಠ ಉದ್ದವನ್ನು 24 ಮಾಡಿಟ್ಟರೆ, ನೀವು ಸಾರದ /24ನ್ನು ನಿಮ್ಮ ಎಎಸ್ ಹೆಸರಿನಲ್ಲೇ ಬೇರೆಯವರು ಕದಿಯಬಹುದು. ಸಾರುವ ಪ್ರತಿ ಗುಚ್ಛಕ್ಕೂ ಬೇರೆ ಆರ್‌ಒಎ ಮಾಡಿ, ಅದು ಹರಡಿದ ಮೇಲೆ ಬಿಜಿಪಿಯಲ್ಲಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ವ್ಯವಸ್ಥೆ) ಸಾರಿ. /24ಕ್ಕಿಂತ ಚಿಕ್ಕದನ್ನು ಹೊರಜಗತ್ತು ಹೆಚ್ಚುಕಮ್ಮಿ ಸ್ವೀಕರಿಸುವುದೇ ಇಲ್ಲ.

ರಿವರ್ಸ್ ಡಿಎನ್‌ಎಸ್ (ವಿಳಾಸದಿಂದ ಹೆಸರು ಹುಡುಕುವ ವ್ಯವಸ್ಥೆ) ಅನ್ನು ಎರಡು /24ಕ್ಕೂ ಪ್ರತ್ಯೇಕವಾಗಿ ವಹಿಸಿಕೊಳ್ಳಬೇಕು. ಒಂದನ್ನು ಮರೆತರೆ ಆ ಭಾಗದಲ್ಲಿರುವ ಮೇಲ್ ಸರ್ವರ್ ಕಳಿಸಿದ ಪತ್ರಗಳು ಮರಳಿ ಬರತೊಡಗುತ್ತವೆ.