ಎಸಿ ಗ್ಯಾಸ್ ಖರ್ಚಾಗುವ ಮಾಲಲ್ಲ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಎಸಿ ರಿಪೇರಿ ಮಾಡುವ ನನ್ನ ಫೋನಿಗೆ ಪುರುಸೊತ್ತಿಲ್ಲ. ಮಾತು ಮಾತ್ರ ಒಂದೇ: “ಗ್ಯಾಸ್ ಖಾಲಿ ಆಗ್ಯಾದ್ರಿ, ಒಂದ್ಸಲ ಬಂದು ತುಂಬಿ ಹೋಗ್ರಿ.”

ಎಸಿ ಗ್ಯಾಸ್ ಅಂದರೆ ಅಡುಗೆ ಸಿಲಿಂಡರ್ ಅಲ್ಲ, ಬೈಕಿನ ಪೆಟ್ರೋಲೂ ಅಲ್ಲ. ಎಸಿ ಅದನ್ನು ಸುಡುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕೋಣೆಯ ಶಾಖ ಹೀರಿ ಹೊರಗೆ ಬಿಟ್ಟು ಮತ್ತೆ ಒಳಗೆ ಬರುತ್ತದೆ. ಹತ್ತು ವರ್ಷ ಓಡಿದರೂ ಅಷ್ಟೇ ಇರಬೇಕು. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಮುಚ್ಚದೆ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಅಂದಹಾಗೆ, ತಂಪು ಕಡಿಮೆಯಾದರೆ ಯಾವಾಗಲೂ ಗ್ಯಾಸೇ ಕಾರಣ ಅಂತಲ್ಲ. ನಮ್ಮೂರ ಧೂಳಿಗೆ ಫಿಲ್ಟರ್ ಕಟ್ಟಿರಬಹುದು, ಹೊರಗಿನ ಫ್ಯಾನಿನ ಕೆಪಾಸಿಟರ್ ಹೋಗಿರಬಹುದು. ನೋಡದೆ ಫೋನಿನಲ್ಲಿ ಹೇಳಲಾರೆ.

ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಬಟ್ಟೆ ಅಂಗಡಿ ಯಜಮಾನರು ಮೂರು ವರ್ಷ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಿದ್ದರು. ಮಾಳಿಗೆ ಹತ್ತಿ ನೋಡಿದೆ. ಹೊರಗಿನ ಯೂನಿಟ್ಟಿಗೆ ಪೈಪ್ ಬಿಗಿಯುವ ಫ್ಲೇರ್ ನಟ್ ಸುತ್ತ ರೂಪಾಯಿ ಅಗಲದ ಕಪ್ಪು ಕಲೆ. ಗ್ಯಾಸಿನ ಜೊತೆ ಆಯಿಲೂ ಜಿನುಗಿ ಧೂಳು ಅಂಟಿತ್ತು. ಸೋಪಿನ ನೊರೆ ಹಚ್ಚಿದೆ. ಸಾಸಿವೆ ಕಾಳಿನಷ್ಟು ಗುಳ್ಳೆ ಏಳುತ್ತಾ ಒಡೆಯುತ್ತಾ ಇತ್ತು. ಯಾರೋ ನಟ್ ಜಾಸ್ತಿ ಬಿಗಿದು ಪೈಪಿನ ಬಾಯಿ ಸೀಳಿಸಿದ್ದರು. ಸೀಳಿದ ತುದಿ ಕತ್ತರಿಸಿ ಪೈಪಿನ ಬಾಯಿ ಅಗಲಿಸಿ ಹೊಸ ಫ್ಲೇರ್ ಮಾಡಿದೆ, ನೈಟ್ರೋಜನ್ ಹೊಡೆದು ಒತ್ತಡ ನಿಲ್ಲುತ್ತದಾ ನೋಡಿದೆ, ಪೈಪಿನೊಳಗಿನ ಗಾಳಿಯೆಲ್ಲ ಹೋಗುವಂತೆ ವ್ಯಾಕ್ಯೂಮ್ ಎಳೆದು ತೂಕ ಮಾಡಿ ಗ್ಯಾಸ್ ಹಾಕಿದೆ. ಮಧ್ಯಾಹ್ನವೆಲ್ಲ ಹೋಯಿತು. “ಹಿಂದಿನವ್ರು ಇಪ್ಪತ್ತು ನಿಮಿಷಕ್ಕ ಮುಗಸ್ತಿದ್ರಲ್ರಿ!” ಅಂದರು. ಹೌದು, ಅದಕ್ಕೇ ವರ್ಷ ವರ್ಷ ಬರುತ್ತಿದ್ದರು.

ಈಗ ನಮ್ಮ ಮೆಕ್ಯಾನಿಕ್ ತಮ್ಮಂದಿರಿಗೆ. ಯೂನಿಟ್ ಬಿಚ್ಚುವಾಗ ವಾಲ್ವ್ ತೆರೆದು ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡಬೇಡಿ. ಕಂಪ್ರೆಸರ್ ಓಡುತ್ತಿದ್ದರೆ ಪಂಪ್ ಡೌನ್ ಮಾಡಿ ಹೊರಗಿನ ಯೂನಿಟ್ಟಿನಲ್ಲೇ ಕೂಡಿಡಿ, ಕೆಲವೇ ನಿಮಿಷದ ಕೆಲಸ. ಕಂಪ್ರೆಸರ್ ಸತ್ತಿದ್ದರೆ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ರಿಕವರಿ ಮಷಿನ್ ಬೇಕು. ಹಳೆಯ ಎಸಿಗಳ ಆರ್-22 ಗ್ಯಾಸ್ ಓಜೋನ್ ಪದರ ತಿನ್ನುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದ ಹುಟ್ಟಿದ್ದೇ ಇಂಥ ಗ್ಯಾಸುಗಳಿಗಾಗಿ, ನಮ್ಮ ದೇಶದಲ್ಲೂ 2000ದಿಂದ ನಿಯಮ ಇದೆ. ಹೊಸ ಆರ್-32 ಓಜೋನ್ ಮುಟ್ಟುವುದಿಲ್ಲ ನಿಜ, ಆದರೆ ಒಂದು ಕಿಲೋ ಬಿಟ್ಟರೆ ಸುಮಾರು 675 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಹೆಚ್ಚುತ್ತದೆ. ಮೇಲಾಗಿ ಅದಕ್ಕೆ ಬೆಂಕಿ ಹತ್ತುತ್ತದೆ. ಲೈನಿನಲ್ಲಿ ಗ್ಯಾಸ್ ಇರುವಾಗ ಬೆಸುಗೆಯ ಟಾರ್ಚ್ ಹಚ್ಚಬೇಡಿ.

ಇನ್ನೊಂದು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ನೈಟ್ರೋಜನ್ ಇಲ್ಲ ಅಂತ ವೆಲ್ಡಿಂಗ್ ಆಕ್ಸಿಜನ್ನಿನಿಂದ ಲೀಕ್ ಟೆಸ್ಟ್ ಮಾಡುವವರಿದ್ದಾರೆ. ಒತ್ತಡದ ಆಕ್ಸಿಜನ್ ಕಂಪ್ರೆಸರ್ ಆಯಿಲಿಗೆ ಸೇರಿದರೆ ಬಾಂಬು. ನೈಟ್ರೋಜನ್ ಸಿಗಲಿಲ್ಲವಾ, ನಾಳೆ ಬನ್ನಿ.

ಗ್ರಾಹಕರು ಬಂದವರನ್ನು ಎರಡೇ ಮಾತು ಕೇಳಿ: “ಎಲ್ಲಿ ಸೋರ್ಯದ ತೋರಿಸ್ರಿ”, “ತಕ್ಕಡಿ ತಂದೀರೇನ್ರಿ?” ಯಾವ ಗ್ಯಾಸ್, ಎಷ್ಟು ತೂಕ ಅನ್ನುವುದು ಹೊರಗಿನ ಯೂನಿಟ್ಟಿನ ಪಟ್ಟಿಯ ಮೇಲೇ ಇದೆ. ಮೇ ತಿಂಗಳ 43 ಡಿಗ್ರಿಯಲ್ಲಿ ಒತ್ತಡ ತೋರಿಸುವ ಗೇಜಿನ ಮುಳ್ಳೊಂದನ್ನೇ ನೋಡಿ ಹಾಕಿದ ಅಂದಾಜು ನಂಬುವಂಥದ್ದಲ್ಲ. ಸೋರಿಕೆ ಒಳಗಿನ ಕಾಯಿಲ್‌ನಲ್ಲೇ ಇದ್ದರೆ ಖರ್ಚು ಜಾಸ್ತಿ. ಹಳೆಯ ಮಷಿನ್ ಆದರೆ ಹೊಸದೇ ಲೇಸು ಅಂತ ನಾನೇ ಹೇಳಿ ವಾಪಸ್ ಬಂದದ್ದೂ ಉಂಟು.